ತಲೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೊದಲು ಮುಂದಿನ ತಿಂಗಳಿಗೆ ಮದುವೆಯ ದಿನ ಗೊತ್ತುಮಾಡಿ. ಛತ್ರಕ್ಕೆ ಮುಂಗಡ ಕೊಡಿ, ಲಗ್ನಪತ್ರಿಕೆ ಅಚ್ಚಿಗೆ ಹೋಗಲಿ. ಕೂದಲು ಕಸಿ ಮಾಡುವ ಕ್ಲಿನಿಕ್ಕಿಗೆ ಫೋನ್ ಮಾಡುವುದು ಅದೆಲ್ಲ ಆದ ಮೇಲೆ. ದಿನ ಕಡಿಮೆ ಇದ್ದಷ್ಟೂ ಪ್ರಶ್ನೆ ಕಡಿಮೆ, ಪ್ರಶ್ನೆ ಕಡಿಮೆಯಾದಷ್ಟೂ ಕೆಲಸ ಸಲೀಸು. ಮೂಗು ತಿದ್ದಿಸುವವರು, ಹೊಟ್ಟೆಯ ಕೊಬ್ಬು ತೆಗೆಸುವವರು, ತುಟಿ ಉಬ್ಬಿಸಿಕೊಳ್ಳುವವರು ಕೂಡ ಇದೇ ಕ್ರಮ ಅನುಸರಿಸಬಹುದು. ಆದರೆ ಇಲ್ಲಿ ಮುಖ್ಯವಾಗಿ ಬೆಂಗಳೂರಿನ ಗಂಡುಗಳ ತಲೆಯನ್ನೇ ತೆಗೆದುಕೊಂಡಿದ್ದೇನೆ. ಅಲ್ಲಿ ಖಾಲಿ ಜಾಗ ಜಾಸ್ತಿ ಇದೆ.

ಕ್ಲಿನಿಕ್ ಆರಿಸಲು ಇನ್‌ಸ್ಟಾಗ್ರಾಮ್ ಸಾಕು. ‘ಮೊದಲು–ನಂತರ’ ಫೋಟೊಗಳನ್ನು ನೋಡಿ, ಮೆಚ್ಚಿಕೊಳ್ಳಿ. ಮೊದಲಿನ ಫೋಟೊದಲ್ಲಿ ಟ್ಯೂಬ್‌ಲೈಟ್ ನೆತ್ತಿಗೆ ಹೊಡೆಯುತ್ತಿರುತ್ತದೆ, ಕೂದಲು ಒದ್ದೆಯಾಗಿರುತ್ತದೆ, ಮನುಷ್ಯ ತಲೆ ತಗ್ಗಿಸಿರುತ್ತಾನೆ. ನಂತರದ ಫೋಟೊದಲ್ಲಿ ಅವನು ತಲೆ ಎತ್ತಿ, ಕ್ರಾಪು ಬಾಚಿ, ಒಳ್ಳೆಯ ಬೆಳಕಿನಲ್ಲಿ ನಗುತ್ತಿರುತ್ತಾನೆ. ಎರಡೂ ಒಬ್ಬನವೇ ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ ಕಿವಿಯ ಆಕಾರ ಹೋಲಿಸಬಹುದು. ಹೋಲಿಸಬೇಡಿ.

ಕತ್ತರಿ ಹಿಡಿಯುವವರು ಏನು ಓದಿದ್ದಾರೆ ಎಂದು ಕೇಳುವುದು ಅಸಭ್ಯತೆ. ಪ್ಲಾಸ್ಟಿಕ್ ಸರ್ಜನ್ ಆಗಲು ಎಂಬಿಬಿಎಸ್ ಮುಗಿಸಿ, ಮೂರು ವರ್ಷ ಎಂ.ಎಸ್. ಮಾಡಿ, ಮತ್ತೆ ಮೂರು ವರ್ಷ ಎಂ.ಸಿಎಚ್. ಮಾಡಬೇಕು. ಅಷ್ಟು ಓದಿದವರ ಹತ್ತಿರ ಹೋದರೆ ಒಂದು ಅಪಾಯವಿದೆ: ನಿಮ್ಮ ತಲೆಯನ್ನು ಒಮ್ಮೆ ನೋಡಿ “ನಿಮಗೆ ಈಗ ಇದು ಬೇಡ” ಎಂದುಬಿಡುತ್ತಾರೆ. ಯೂಟ್ಯೂಬ್‌ನಲ್ಲೋ ಕಾರ್ಯಾಗಾರದಲ್ಲೋ ನೋಡಿ ಕಲಿತದ್ದು ಕೂದಲು ಕಸಿಗೆ ತಕ್ಕ ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದೇ ಹೇಳಬೇಕಾಯಿತು. ಹೀಗೆ ಬರೆದು ಹೇಳಬೇಕಾದ ಸ್ಥಿತಿ ಯಾಕೆ ಬಂತು ಎಂದು ಯೋಚಿಸುತ್ತ ಕೂರಬೇಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ಕಿನ ನೋಂದಣಿ, ಇವನ್ನೆಲ್ಲ ಗೋಡೆಯ ಮೇಲೆ ಹುಡುಕಬೇಡಿ. ಅಲ್ಲಿ ಬುದ್ಧನ ಚಿತ್ರವಿರುತ್ತದೆ, ಅದನ್ನು ನೋಡಿ.

ಈಗ ಕೌನ್ಸೆಲರ್ ಕೋಣೆಗೆ ಬನ್ನಿ. ಜೊತೆಗೆ ಸೋದರಮಾವನನ್ನು ಮಾತ್ರ ಕರೆತರಬೇಡಿ. ಅವರು ಕನ್ನಡಕ ಏರಿಸಿ ಪ್ರತಿ ಕಾಗದವನ್ನೂ ಓದುತ್ತಾರೆ, “ಡಾಕ್ಟ್ರು ಎಲ್ಲಮ್ಮ?” ಎಂದು ಕೇಳುತ್ತಾರೆ. ನೀವೊಬ್ಬರೇ ಹೋಗಿ, ಕಾಫಿ ಕೊಟ್ಟರೆ ಕುಡಿಯಿರಿ. ಕೌನ್ಸೆಲರ್ ಒಂದು ಸಣ್ಣ ಕ್ಯಾಮೆರಾವನ್ನು ನೆತ್ತಿಗೆ ಹಿಡಿದು ಟಿ.ವಿ. ಪರದೆಯ ಮೇಲೆ ನಿಮ್ಮ ಬುರುಡೆಯ ಚರ್ಮವನ್ನು ಬರಗಾಲದ ಕೆರೆಯಂತೆ ದೊಡ್ಡದಾಗಿ ತೋರಿಸುತ್ತಾರೆ. ಗಾಬರಿಯಾಗಿ. ಅದಕ್ಕೇ ಆ ಕ್ಯಾಮೆರಾ ಇರುವುದು.

ಕೇಳಬೇಕಾದ ಪ್ರಶ್ನೆ ಒಂದೇ: “ಗ್ರಾಫ್ಟಿಗೆ ಎಷ್ಟು?” ಉತ್ತರ ಬಂದ ಕೂಡಲೇ “ಪಕ್ಕದವರು ಕಡಿಮೆ ಹೇಳಿದ್ರು” ಎನ್ನಿ. “ಸರ್, ಇವತ್ತೇ ಬುಕ್ ಮಾಡಿದ್ರೆ ಐನೂರು ಗ್ರಾಫ್ಟ್ ಫ್ರೀ” ಎಂಬ ಮಾತು ಬರುತ್ತದೆ. ಗೆದ್ದಿರಿ. ಆ ಐನೂರು ಎಲ್ಲಿಂದ ಬರುತ್ತವೆ ಎಂದು ಕೇಳಬೇಡಿ, ಏಕೆಂದರೆ ಅವು ನಿಮ್ಮದೇ ತಲೆಯ ಹಿಂಭಾಗದಿಂದ ಬರುತ್ತವೆ. ಕೂದಲು ಕಸಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಹಿಂದಿನದನ್ನು ಬೇರುಸಹಿತ ಕಿತ್ತು ಮುಂದೆ ನೆಡುತ್ತಾರೆ; ಹಾಗೆ ಕಿತ್ತ ಒಂದೊಂದು ಬುಡವೇ ಗ್ರಾಫ್ಟ್. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಹಿಂಭಾಗದ ದಾಸ್ತಾನು ಜೀವಮಾನಕ್ಕೆಲ್ಲ ಇಷ್ಟೇ ಎಂದು ಲೆಕ್ಕವಿರುವಂಥದು. ಇದನ್ನು ತಿಳಿದವನು ಉಚಿತ ಎಂದ ಕೂಡಲೇ ಎದ್ದು ಹೋಗುತ್ತಾನೆ. ನೀವು ಎರಡನೇ ಕಾಫಿ ಕೇಳಿ.

ಮುಂಗೂದಲಿನ ಗೆರೆ ಎಲ್ಲಿ ಬರಬೇಕು ಎಂದು ಕೇಳಿದಾಗ ಫೋನ್ ತೆಗೆದು ಪಿಯುಸಿಯ ಫೋಟೊ ತೋರಿಸಿ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಹದಿನೇಳರ ಗೆರೆ ಬರೆಸಿಕೊಳ್ಳಿ. ನೆಟ್ಟ ಕೂದಲು ಬಹುಪಾಲು ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಮಾತ್ರ ತನ್ನ ಪಾಡಿಗೆ ಉದುರುತ್ತಲೇ ಹೋಗುತ್ತದೆ. ನಲವತ್ತರ ಹೊತ್ತಿಗೆ ಹಣೆಯ ಮೇಲೊಂದು ದಟ್ಟ ಪೊದೆ, ಅದರ ಹಿಂದೆ ಬಟ್ಟಬಯಲು. ಉದುರುವುದನ್ನು ತಡೆಯಲು ಏನಾದರೂ ಔಷಧ ಬೇಕೇ, ಅದರ ಅಡ್ಡಪರಿಣಾಮ ಏನು ಎಂದು ಕೇಳುವವರು ಕೇಳಲಿ, ನಿಮಗೆ ನಲವತ್ತು ಆಗುವುದೇ ಇಲ್ಲವಲ್ಲ.

“ಫಲಿತಾಂಶ ಯಾವಾಗ?” ಎಂದು ಕೇಳಲೇಬೇಕೆನಿಸಿದರೆ ಮುಂಗಡ ಕಟ್ಟಿದ ಮೇಲೆ ಕೇಳಿ. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದಲ್ಲಿ ಉದುರಿಹೋಗುತ್ತದೆ, ಬೇರು ಒಳಗೆ ಉಳಿಯುತ್ತದೆ. ಮೂರು–ನಾಲ್ಕು ತಿಂಗಳಾದ ಮೇಲೆ ಹೊಸದು ಮೊಳೆಯುತ್ತದೆ, ಪೂರ್ತಿ ರೂಪ ಬರಲು ಒಂದು ವರ್ಷ ಬೇಕು. ಮದುವೆ ಮುಂದಿನ ತಿಂಗಳಾದ್ದರಿಂದ ಧಾರೆಯ ಹೊತ್ತಿಗೆ ನೀವು ಸರಿಯಾಗಿ ಉದುರುವ ಹಂತದಲ್ಲಿರುತ್ತೀರಿ. ಮೈಸೂರು ಪೇಟ ಬಾಡಿಗೆಗೆ ತನ್ನಿ. ಪೇಟದ ಕೆಳಗೆ ಮೊದಲಿದ್ದ ಬಕ್ಕತಲೆಯೂ ಇಷ್ಟೇ ಚೆನ್ನಾಗಿ ಕೂರುತ್ತಿತ್ತು ಎಂಬ ಯೋಚನೆ ಬಂದರೆ ಫೋಟೊದವನ ಕಡೆ ನೋಡಿ ನಗಿ. 2017ರ ‘ಒಂದು ಮೊಟ್ಟೆಯ ಕಥೆ’ ಸಿನಿಮಾವನ್ನು ಕೆಲವು ಕಾಲ ನೋಡಬೇಡಿ. ಅದರಲ್ಲಿ ಬಕ್ಕತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುತ್ತಾರೆ. ಆ ಪಾತ್ರ ಮಾಡಿದ ರಾಜ್ ಬಿ. ಶೆಟ್ಟಿಗೆ ಅದೇ ತಲೆಯಿಂದ ಹೆಸರು ಬಂತು. ಇಂಥ ಉದಾಹರಣೆ ವ್ಯಾಪಾರಕ್ಕೆ ಒಳ್ಳೆಯದಲ್ಲ.

ಮನೆಯಲ್ಲಿ ಯಾರಾದರೂ “ಇದೆಲ್ಲ ಯಾಕೋ?” ಎಂದರೆ ಇತಿಹಾಸ ಬಳಸಿ. ಪ್ರಾಚೀನ ಶಸ್ತ್ರವೈದ್ಯ ಸುಶ್ರುತನ ಹೆಸರು ಎತ್ತಿ. ಅದೂ ಸಾಲದಿದ್ದರೆ 1794ರ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಬಂದ ಕಥೆ ಹೇಳಿ. ಇಂಗ್ಲಿಷರ ಸೇನೆಯ ಎತ್ತಿನ ಗಾಡಿಯವನಾಗಿದ್ದ ಕಾವಸ್ಜಿ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಮೂಗಿನ ಜಾಗಕ್ಕೆ ಮೇಣದ ಅಚ್ಚು ಕೂರಿಸಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ ಕೆಳಗೆ ತಿರುಗಿಸಿ ಕೂರಿಸಿದ. ಹುಬ್ಬುಗಳ ನಡುವೆ ಚರ್ಮದ ಕೊಂಡಿ ಕಳಚದೆ ಇದ್ದದ್ದರಿಂದ ರಕ್ತ ಹರಿಯಿತು, ಮೂಗು ಉಳಿಯಿತು. ಅದನ್ನು ಓದಿ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ವಿಧಾನ ಹಿಡಿದ. ಕಥೆ ಹೇಳುವಾಗ ಒಂದನ್ನು ಮಾತ್ರ ಬಿಟ್ಟುಬಿಡಿ: ಕಾವಸ್ಜಿಗೆ ಮೂಗಿರಲಿಲ್ಲ, ನಿಮಗಿದೆ. ಈ ವ್ಯತ್ಯಾಸ ಜಿಎಸ್‌ಟಿಯವರಿಗೂ ಗೊತ್ತು. ಗಾಯ, ಹುಟ್ಟಿನ ದೋಷ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ತೆರಿಗೆ ಇಲ್ಲ. ಅಂದಕ್ಕಾಗಿ ಮಾಡಿಸುವುದಕ್ಕೆ, ಕೂದಲು ಕಸಿಗೆ, ತೆರಿಗೆ ಇದೆ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೈ ಎತ್ತುತ್ತದೆ. ಹಾಗಾಗಿ ಕಂತಿನಲ್ಲಿ ಕಟ್ಟಿ. ಕೂದಲು ಬರುವುದಕ್ಕೆ ಮುಂಚೆ ಕಂತು ಶುರುವಾಗುತ್ತದೆ.

ಉಳಿದ ಚಿಕಿತ್ಸೆಗಳನ್ನು ಬೇಗ ಮುಗಿಸೋಣ. ಸುಕ್ಕು ಅಳಿಸುವ ಬೊಟಾಕ್ಸ್ ಮೂರು–ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ; ಹಾಲಿನ ಲೆಕ್ಕದ ಜೊತೆಗೆ ಅದನ್ನೂ ಬರೆದಿಡಿ. ತುಟಿ ಉಬ್ಬಿಸುವ ಫಿಲ್ಲರ್ ಅನ್ನು ಬ್ಯೂಟಿ ಪಾರ್ಲರಿನಲ್ಲೇ ಹಾಕಿಸಿ, ಹುಬ್ಬು ತೀಡುವ ಹುಡುಗಿಯ ಕೈ ಚುರುಕಾಗಿರುತ್ತದೆ. ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು. ಕರಗಿಸುವ ಔಷಧಿ ಇಟ್ಟಿದ್ದೀರಾ ಎಂದು ಕೇಳಿ ಅವಳನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಬೆಳ್ಳಗಾಗಲು ಸ್ಟೀರಾಯ್ಡ್ ಮುಲಾಮನ್ನು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಳ್ಳಿ. ಮೊದಲು ಮುಖ ತಿಳಿಯಾಗುತ್ತದೆ, ಆಮೇಲೆ ಕೆಂಪಾಗಿ ಉರಿದು ಮೊಡವೆ, ರೋಮ ಎಲ್ಲ ಬರುತ್ತದೆ, ಬಿಟ್ಟರೆ ಇನ್ನೂ ಹೆಚ್ಚು ಉರಿಯುತ್ತದೆ. ಆದ್ದರಿಂದ ಬಿಡಬೇಡಿ, ಅಂಗಡಿಯವರು ಕಾಯುತ್ತಿರುತ್ತಾರೆ. ಕೊಬ್ಬು ಹೀರಿ ತೆಗೆಯುವ ಲಿಪೊಸಕ್ಷನ್ ತೂಕ ಇಳಿಸುವ ದಾರಿಯಲ್ಲ ಎಂದು ವೈದ್ಯರು ಹೇಳಿದರೆ ವೈದ್ಯರನ್ನು ಬದಲಾಯಿಸಿ.

ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ನಮೂನೆ ಕೊಡುತ್ತಾರೆ. ಸಿಗರೇಟು ಸೇದುತ್ತೀರಾ ಎಂದಿರುವಲ್ಲಿ ‘ಇಲ್ಲ’ ಎಂದು ಬರೆದು, ಕೆಳಗೆ ಹೋಗಿ ಒಂದು ಹಚ್ಚಿ ಬನ್ನಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿಮಾಡಿ ಹೊಲಿದ ಚರ್ಮವನ್ನು ಕೊಳೆಸಬಲ್ಲದು, ಆದರೆ ನಮೂನೆಗೆ ಅದು ಗೊತ್ತಾಗುವುದಿಲ್ಲ. ಆಸ್ಪಿರಿನ್, ಬಿ.ಪಿ. ಮಾತ್ರೆ, ಹಳೆಯ ಅಲರ್ಜಿ, ಇವು ಖಾಸಗಿ ವಿಷಯ. ಅರಿವಳಿಕೆ ಕೊಡುವ ವೈದ್ಯರು ಯಾರು, ಹೆಚ್ಚುಕಡಿಮೆಯಾದರೆ ಐಸಿಯು ಎಷ್ಟು ದೂರ ಎಂದು ಕೇಳಬೇಡಿ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಆ ಸುದ್ದಿ ನೆನಪಿದ್ದರೂ ಎತ್ತಬೇಡಿ, ಕೋಣೆಯ ವಾತಾವರಣ ಕೆಡುತ್ತದೆ. ಮನೆಯವರಿಗೂ ಹೇಳದೆ ಬನ್ನಿ. ಒಪ್ಪಿಗೆ ಪತ್ರದ ಕೊನೆಯ ಪುಟ ತೆರೆದು, ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ.

ಮುಗಿದ ಮೇಲೆ ಕೀವಾದರೆ, ಜ್ವರ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸಿ. “ನಾರ್ಮಲ್ ಸರ್” ಎಂಬ ಉತ್ತರ ಬರುತ್ತದೆ. ನಾಲ್ಕನೇ ಫೋಟೊಗೆ ನೀಲಿ ಗೆರೆ ಮಾತ್ರ ಬರುತ್ತದೆ. ಆಗ ಸಿಟ್ಟಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಲು ಕೂರಿ. ದೂರಿನಲ್ಲಿ ಮೊದಲು ಬರೆಯಬೇಕಾದದ್ದು ವೈದ್ಯರ ಹೆಸರು. ನಿಮಗೆ ಗೊತ್ತಿರುವುದು ಕೌನ್ಸೆಲರ್ ಹೆಸರು.