ರಿಮೋಟ್ ಮಾಣಿ

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ರಿಮೋಟ್ ಮಾಣಿ ಒಂದು ಪೂರ್ಣವಿರಾಮ ಅಳಿಸುತ್ತಾನೆ. ನೌಕ್ರಿ ಡಾಟ್ ಕಾಮ್‌ನಲ್ಲಿರುವ ತನ್ನ ಪ್ರೊಫೈಲ್ ತೆರೆದು, 'ಹಾರ್ಡ್ ವರ್ಕಿಂಗ್ ಅಂಡ್ ಡೆಡಿಕೇಟೆಡ್' ಎಂಬ ಸಾಲಿನ ಕೊನೆಯ ಚುಕ್ಕೆ ತೆಗೆದು ಸೇವ್ ಒತ್ತುತ್ತಾನೆ. ಮತ್ತೆ ಅದೇ ಚುಕ್ಕೆಯನ್ನು ಅದೇ ಜಾಗದಲ್ಲಿ ಕೂರಿಸಿ ಇನ್ನೊಮ್ಮೆ ಸೇವ್. ಈಗ ಪ್ರೊಫೈಲು ಇವತ್ತಷ್ಟೇ ಅಪ್‌ಡೇಟ್ ಆದದ್ದು. ಹಾಗೆ ಹೊಸದಾಗಿ ಅಪ್‌ಡೇಟ್ ಆದವರ ಹೆಸರೇ ಎಚ್‌ಆರ್‌ನವರ ಹುಡುಕಾಟದಲ್ಲಿ ಮೇಲೆ ಬರುತ್ತದೆ ಎಂಬುದು ಕೆಲಸ ಹುಡುಕುವವರೆಲ್ಲ ನಂಬಿಕೊಂಡು ಬಂದ ಶಾಸ್ತ್ರ. ಮಾಣಿಯ ಅಜ್ಜ ಇದೇ ಹೊತ್ತಿಗೆ ದೇವರ ತಲೆಯ ಮೇಲಿನ ನಿನ್ನೆಯ ಹೂ ತೆಗೆದು ಇವತ್ತಿನದನ್ನು ಇಡುತ್ತಿದ್ದರು. ಮೊಮ್ಮಗನ ನಿರ್ಮಾಲ್ಯ ಒಂದು ಚುಕ್ಕೆಯದು.

ಮಾಣಿಯ ಮನೆ ಸಾಗರದಿಂದ ಒಳಗೆ, ಬಸ್ಸಿಗೆ ಮನಸ್ಸು ಬಂದರೆ ಬರುವಂಥ ಊರಿನಲ್ಲಿ. ಓದಿದ್ದು ಬಿಸಿಎ. ಆಮೇಲೆ ಬೆಂಗಳೂರಿನಲ್ಲಿ ಪೀಜಿಯ ಅನ್ನ ಉಂಡು ಒಂದು ನೆಟ್‌ವರ್ಕಿಂಗ್ ಕೋರ್ಸು ಮುಗಿಸಿದ. ತೋಟಕ್ಕೆ ಜನ ಸಿಗದೆ ಅಪ್ಪಯ್ಯ ಕರೆದರೆಂದು ವಾಪಸ್ ಬಂದ. ಇಂಥವನು ಮಲೆನಾಡಿಗೆ ಮಾತ್ರ ಮೀಸಲಲ್ಲ. ಹಾವೇರಿಯಲ್ಲಿ ಅವನು ಅಪ್ಪನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಾನೆ, ಮಂಡ್ಯದಲ್ಲಿ ಅಕ್ಕನ ಮಗುವನ್ನು ತೊಡೆಯ ಮೇಲೆ ಆಡಿಸುತ್ತ. ಹುಡುಗನೇ ಆಗಿರಬೇಕೆಂದೂ ಇಲ್ಲ. ಮಗುವಾದ ಮೇಲೆ ಬಿಟ್ಟ ಕೆಲಸವನ್ನು ಮನೆಯಿಂದಲೇ ಮತ್ತೆ ಹಿಡಿಯಲು ಹೊರಟ ಹೆಣ್ಣುಮಕ್ಕಳೂ ಈ ಪಂಗಡದಲ್ಲಿ ಇದ್ದಾರೆ. ಎಲ್ಲರೂ ಹುಡುಕುವುದು ಒಂದನ್ನೇ: 'ಟೆಕ್ನಿಕಲ್ ಸಪೋರ್ಟ್, ರಿಮೋಟ್'. ಎಲ್ಲೋ ಕೆಟ್ಟು ಕೂತ ಕಂಪ್ಯೂಟರನ್ನು ಇನ್ನೆಲ್ಲೋ ಕೂತು ಸರಿಮಾಡುವ ನೌಕರಿ.

"ಅಮೆರಿಕದವ್ರ ಕಂಪ್ಯೂಟರ್ ಹಾಳಾದ್ರೆ ನೀ ಇಲ್ಲಿಂದ ಹ್ಯಾಂಗೆ ರಿಪೇರಿ ಮಾಡ್ತೆ? ನಮ್ಮನೆ ಪಂಪ್‌ಸೆಟ್ ಹಾಳಾದ್ರೆ ಸಾಗರದಿಂದ ಬಪ್ಪವ್ನೇ ಇಲ್ಲೆ" ಎಂಬುದು ಅಪ್ಪಯ್ಯನ ಶಂಕೆ.

ಶಂಕೆಗೆ ಅರ್ಥವಿದೆ, ಆದರೆ ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದ ಜೊತೆ ಸಂಪರ್ಕ ಇಟ್ಟುಕೊಂಡಾಗ, ಅದರ ಉಪಕರಣ ಎತ್ತಿನ ಗಾಡಿಯಲ್ಲಿ ಬಂತು ಎಂಬ ಕಥೆಯನ್ನು ಬೆಂಗಳೂರಿನ ಐಟಿ ಮಂದಿ ಈಗಲೂ ಹೇಳುತ್ತಾರೆ. ಅಮೆರಿಕದ ಕೆಲಸ ಇಲ್ಲಿಗೆ ಬಂದಿತಾದರೂ ಮನೆಯ ಜಗಲಿಯವರೆಗೆ ಬರಲು ಮತ್ತೆ 35 ವರ್ಷ ಬೇಕಾಯಿತು. ಕಾಲ್ ಸೆಂಟರ್‌ಗಳಿಗೆ ದೂರಸಂಪರ್ಕ ಇಲಾಖೆಯ ಕಟ್ಟುಪಾಡು ಬಿಗಿಯಾಗಿತ್ತು. ನೌಕರರಿಂದ ಮನೆಯಲ್ಲೇ ಕೆಲಸ ಮಾಡಿಸಬೇಕಾದರೆ ಭದ್ರತಾ ಠೇವಣಿ ಇಡಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಇಲಾಖೆ ಷರತ್ತು ಸಡಿಲಿಸಿತು, ನವೆಂಬರ್‌ನಲ್ಲಿ ನೋಂದಣಿಯ ಕಟ್ಟಳೆಯನ್ನೇ ಕಿತ್ತುಹಾಕಿತು. ಸರ್ಕಾರದ ಲೆಕ್ಕದಲ್ಲಿ ಮಾಣಿಯ ಉಪ್ಪರಿಗೆ ಕಾಲ್ ಸೆಂಟರ್ ಆಗಲು ಅಡ್ಡಿಯಿಲ್ಲ. ಅಡ್ಡಿಯಿರುವುದು ನೆಟ್‌ವರ್ಕಿನ ಲೆಕ್ಕದಲ್ಲಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶ ನೋಡಿತು. ಮಲೆನಾಡಿನವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಅವರು ನೋಡಿದ್ದು, ಕೊಡೆ ಗಟ್ಟಿಮುಟ್ಟಾಗಿದೆಯೋ ಇಲ್ಲವೋ ಎಂದು.

ಇನ್ನು ಜಾಹೀರಾತು. 'ರಿಮೋಟ್' ಎಂದು ದಪ್ಪಕ್ಷರದಲ್ಲಿ ಬರೆದ ಕೆಳಗೆ ಸಣ್ಣಕ್ಷರದಲ್ಲಿ 'ವಾರಕ್ಕೆ ಮೂರು ದಿನ ಆಫೀಸಿಗೆ ಬರತಕ್ಕದ್ದು' ಎಂದಿರುತ್ತದೆ. ಇನ್ನೊಂದರಲ್ಲಿ ಕೆಲಸ ಪೂರ್ತಿ ರಿಮೋಟೇ, ಅಭ್ಯರ್ಥಿ ಮಾತ್ರ ಅಮೆರಿಕದಲ್ಲಿರಬೇಕು, ಅದೂ ಇಂತಿಂಥ ರಾಜ್ಯಗಳಲ್ಲೇ. ಮೂರನೆಯದು ಹೊಸಬರ ಹುದ್ದೆ, ಎರಡು ವರ್ಷದ ಅನುಭವ ಕಡ್ಡಾಯ. ಈ ಮೂರನ್ನೂ ದಾಟಿ ಬಂದದ್ದು ಕೇಳುವುದು 25 ಎಂಬಿಪಿಎಸ್ ವೇಗದ ವೈರ್ಡ್ ಇಂಟರ್‌ನೆಟ್, ಪವರ್ ಬ್ಯಾಕಪ್, ಸದ್ದಿಲ್ಲದ ಪ್ರತ್ಯೇಕ ಕೋಣೆ, ರಾತ್ರಿಪಾಳಿಗೆ ಒಪ್ಪಿಗೆ. ಮಾಣಿಯ ಮನೆಯಲ್ಲಿ ಇವುಗಳ ಪೈಕಿ ಧಾರಾಳವಾಗಿರುವುದು ರಾತ್ರಿ ಒಂದೇ.

ಆದರೂ ಅರ್ಜಿ ಹಾಕುತ್ತಾನೆ. ಲಿಂಕ್ಡ್‌ಇನ್‌ನಲ್ಲಿ 'ಈಸಿ ಅಪ್ಲೈ' ಎಂಬ ಗುಂಡಿಯಿದೆ, ಒತ್ತಿದರೆ ಮುಗಿಯಿತು. ಒತ್ತಲು ಅಷ್ಟು ಸುಲಭವಾದ್ದರಿಂದ ಎಲ್ಲರೂ ಒತ್ತಿರುತ್ತಾರೆ. 'ನೂರಕ್ಕೂ ಹೆಚ್ಚು ಅರ್ಜಿದಾರರು' ಎಂದು ಪಕ್ಕದಲ್ಲೇ ಬರೆದಿರುತ್ತದೆ. ಕೆಲವು ಕಂಪನಿಗಳಿಗೆ ಈ ಸುಲಭ ಹಿಡಿಸುವುದಿಲ್ಲ. ಅವರ ತಾಣದಲ್ಲಿ ಮೊದಲು ರೆಸ್ಯೂಮೆ ಅಪ್‌ಲೋಡ್ ಮಾಡಬೇಕು. ಮಾಡಿದ ಮೇಲೆ, ಆ ರೆಸ್ಯೂಮೆಯಲ್ಲಿ ಏನೇನಿದೆಯೋ ಅದಷ್ಟನ್ನೂ ಮತ್ತೆ ಕೈಯಾರೆ ಟೈಪ್ ಮಾಡಬೇಕು. ಒಂದೊಂದು ಕಂಪನಿಗೂ ಒಂದೊಂದು ಖಾತೆ, ಒಂದೊಂದು ಪಾಸ್‌ವರ್ಡ್. ಅದರಲ್ಲೊಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ. ವಾರ ಕಳೆದು 'ಅರ್ಜಿ ಏನಾಯಿತು' ಎಂದು ನೋಡಹೊರಟರೆ ಪಾಸ್‌ವರ್ಡ್ ಮರೆತಿರುತ್ತದೆ. ಪಾಸ್‌ವರ್ಡ್ ಮರೆತವರಿಗೆ ನೆರವಾಗುವ ಕೆಲಸಕ್ಕೇ ಅರ್ಜಿ ಹಾಕಿದವನು ಆಗ ಅದೇ ಕಂಪನಿಯ ಹೆಲ್ಪ್‌ಡೆಸ್ಕ್‌ಗೆ ಬರೆಯುತ್ತಾನೆ.

ರೆಸ್ಯೂಮೆ ಎರಡು ಪುಟದ್ದು, ಗೆಳೆಯನದನ್ನು ಇಳಿಸಿಕೊಂಡದ್ದು. ಮೊದಲು ಯಂತ್ರ ಓದುತ್ತದೆ, ಆಮೇಲೆ ಮನುಷ್ಯ ಎಂದು ಯಾರೋ ಹೇಳಿದ್ದರಿಂದ ಜಾಹೀರಾತಿನಲ್ಲಿದ್ದ ಪದಗಳನ್ನೆಲ್ಲ ಎತ್ತಿ ಅದರಲ್ಲಿ ಉದುರಿಸಿದ್ದಾನೆ: ಟಿಕೆಟಿಂಗ್, ಟ್ರಬಲ್‌ಶೂಟಿಂಗ್, ಆ್ಯಕ್ಟಿವ್ ಲಿಸನಿಂಗ್, ಟೀಮ್ ಪ್ಲೇಯರ್. ಹವ್ಯಾಸ: ಪುಸ್ತಕ ಓದುವುದು. ಅನುಭವ ಎಂಬ ಕಡೆ 'ಫ್ರೆಷರ್'.

ಇದರಷ್ಟು ದೊಡ್ಡ ಸುಳ್ಳು ಆ ಎರಡು ಪುಟದಲ್ಲಿ ಇನ್ನೊಂದಿಲ್ಲ. ಹೈಸ್ಕೂಲಿನಲ್ಲಿದ್ದಾಗಿನಿಂದ ಈತ ಇಡೀ ಬಂಧುಬಳಗದ ರಿಮೋಟ್ ಟೆಕ್ನಿಕಲ್ ಸಪೋರ್ಟ್. ಸಂಬಳವಿಲ್ಲ, ರಜೆಯಿಲ್ಲ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಡ್ಯೂಟಿ. ಕುಂದಾಪುರದ ಅತ್ತೆ ಫೋನ್ ಮಾಡುತ್ತಾರೆ.

"ಮಾಣಿ, ನೆಟ್ ಹೋತು. ಲಾಸ್ ಹೇಳಿ ಕೆಂಪು ಲೈಟ್ ಬತ್ತಾ ಇದ್ದು. ಎಂಗ ದುಡ್ಡು ಕಟ್ಟಿದ್ಯಲ!"

"ದುಡ್ಡಿಂದಲ್ಲ ಅತ್ತೆ. ಬೆಳಕು ಬರ್ತಾ ಇಲ್ಲ ಅಂತ ಅದರ ಅರ್ಥ. ಹಳದಿ ವಯರ್ ಎಲ್ಲಾದ್ರೂ ಮಡಚಿದ್ಯಾ ನೋಡಿ."

ಮೌನ. ಕುರ್ಚಿ ಎಳೆದ ಸದ್ದು. "ಇವು ಪೇಪರ್ ಕಟ್ಟು ಅದ್ರ ಮೇಲೆ ಇಟ್ಟಿದ್ವಲ!"

ಕಟ್ಟು ಎತ್ತಿದರು, ಬೆಳಕು ಬಂತು, ಧಾರಾವಾಹಿ ಮುಂದುವರಿಯಿತು. ಫೈಬರ್ ತಂತಿಯನ್ನು ತೀರಾ ಬಗ್ಗಿಸಿದರೆ ಒಳಗಿನ ಬೆಳಕು ಹೊರಗೆ ಸೋರಿಹೋಗುತ್ತದೆ. ಮನೆಯ ಪೆಟ್ಟಿಗೆಗೆ ಆಪ್ಟಿಕಲ್ ಸಿಗ್ನಲ್ ತಲುಪದಾಗ ಉರಿಯುವುದೇ ಆ ಕೆಂಪು ದೀಪ. ಇದನ್ನು ಮಾಣಿ ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ. ಮಲೆನಾಡಿನಲ್ಲಿ ಒಂದು ಗಾಳಿಮಳೆ ಕಳೆದರೆ ಈ ಪಾಠ ಮನೆಮನೆಗೂ ಉಚಿತ.

ಶಿರಸಿಯ ಚಿಕ್ಕಪ್ಪ ನಿವೃತ್ತ ಮೇಷ್ಟ್ರು, ಎಲ್ಲವನ್ನೂ ಕ್ರಮವಾಗಿ ಹೇಳುವವರು. ಕಪ್ಪು ಪರದೆ ತೆರೆಸಿ 'ಐಪಿಕಾನ್ಫಿಗ್' ಎಂದು ಹೊಡೆಸಿದರೆ ಅವರು ಪಂಚಾಂಗ ಓದಿದ ಹಾಗೆ ಅಂಕಿ ಓದುತ್ತಾರೆ. "ಒಂದು, ಆರು, ಒಂಬತ್ತು, ಚುಕ್ಕೆ, ಎರಡು, ಐದು, ನಾಲ್ಕು..." ಅಲ್ಲಿಗೇ ಮಾಣಿ ತಡೆಯುತ್ತಾನೆ. "ಸಾಕು ಚಿಕ್ಕಪ್ಪ. ರೌಟರ್‌ಗೂ ಕಂಪ್ಯೂಟರ್‌ಗೂ ಮಾತುಕತೆ ನಿಂತುಹೋಗಿದೆ. ಹಿಂದಿನ ವಯರ್ ಬಿಚ್ಚಿ ಮತ್ತೆ ಹಾಕಿ." ರೌಟರ್ ವಿಳಾಸ ಹಂಚದೇ ಹೋದಾಗ ವಿಂಡೋಸ್ ಕಾದು ಕಾದು ತಾನೇ 169.254ರಿಂದ ಶುರುವಾಗುವ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಆ ಮೊದಲ ಆರು ಅಂಕಿ ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಅವನಿಗೆ ಬೇಡ.

ಈ ವಿದ್ಯೆಯೇ ಅವನಿಗೆ ಮೊದಲ ಇಂಟರ್‌ವ್ಯೂನಲ್ಲಿ ಕೈಕೊಟ್ಟದ್ದು.

ಇಂಟರ್‌ವ್ಯೂ ರಾತ್ರಿ ಹತ್ತಕ್ಕೆ, ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ದೀಪ ಹಾಕಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು, ಜೊತೆಗೆ ಊರಿನ ಸಮಾಚಾರವನ್ನೂ. ಮಾಣಿ ಉಪ್ಪರಿಗೆಯಲ್ಲಿ ಮೂಟೆಗಳ ನಡುವೆ ಬಿಳಿ ಅಂಗಿ ತೊಟ್ಟು ಕೂತ. "ನಿಮ್ಮ ಹಿಂದೆ ಏನದು ಸದ್ದು, ಆಫೀಸಾ?" ಎಂದರು ಆ ಕಡೆಯವರು. ಮಾಣಿ ಅಲ್ಲವೆನ್ನಲಿಲ್ಲ. ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಏನೇನಾಗುತ್ತದೆ ಎಂಬುದು ಮೊದಲ ಪ್ರಶ್ನೆ, ಈ ಕೆಲಸದ ಇಂಟರ್‌ವ್ಯೂಗಳಲ್ಲಿ ತಪ್ಪದೆ ಬರುವಂಥದು. ಅವನೂರಿನಲ್ಲಾದರೆ ಚಕ್ರ ತಿರುಗುತ್ತಲೇ ಇರುತ್ತದೆ. ಆದರೆ ಅವನು ಡಿಎನ್‌ಎಸ್‌ನಿಂದ ಹಿಡಿದು ಬಾಯಿಪಾಠ ಒಪ್ಪಿಸಿದ. ಸಿಟ್ಟಿಗೆದ್ದ ಗ್ರಾಹಕರನ್ನು ಹೇಗೆ ಸಮಾಧಾನ ಮಾಡುತ್ತೀರಿ ಎಂದಾಗ "ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಶನ್" ಎಂದ. ಅತ್ತೆಯ ಹತ್ತಿರ ಒಂದು ಸಲ ಹಾಗಂದಿದ್ದರೆ ಅವನ ಕಥೆ ಅಲ್ಲೇ ಮುಗಿಯುತ್ತಿತ್ತು. ಆಮೇಲೆ ಬಂತು ಪ್ರಶ್ನೆ: "ವಾಟ್ ಈಸ್ ಎಪಿಪಾ?"

ಮಾಣಿ ಬೆಬ್ಬೆಬ್ಬೆ ಅಂದ. ಆ ಹೆಸರು ಕೇಳಿಯೇ ಇರಲಿಲ್ಲ. ಮರುದಿನ ಹುಡುಕಿ ನೋಡಿದರೆ, ಚಿಕ್ಕಪ್ಪನ 169.254ಕ್ಕೆ ಪುಸ್ತಕದಲ್ಲಿಟ್ಟ ಹೆಸರೇ ಅದು. ರೋಗ ಗೊತ್ತು, ಮದ್ದು ಗೊತ್ತು, ನಾಮಕರಣಕ್ಕೆ ಮಾತ್ರ ಇವನನ್ನು ಕರೆದಿರಲಿಲ್ಲ. ಇಂಟರ್‌ವ್ಯೂ ಮಾಡುವವರ ಮೇಲೂ ಒಂದು ಮಾತು ಹೇಳಬೇಕು. ಸಪೋರ್ಟ್‌ಗೆ ಫೋನ್ ಮಾಡುವ ಯಾವ ಮನುಷ್ಯನೂ 'ನನಗೆ ಎಪಿಪಾ ಆಗಿದೆ' ಎನ್ನುವುದಿಲ್ಲ, 'ನೆಟ್ ಇಲ್ಲ' ಎನ್ನುತ್ತಾನೆ. ಅವನ ಬಾಯಿಂದ ಉಳಿದದ್ದನ್ನು ಹೊರಡಿಸುವುದೇ ಈ ಕೆಲಸ. ಅದನ್ನು ಪರೀಕ್ಷಿಸಬೇಕೆಂದಿದ್ದರೆ ಅಭ್ಯರ್ಥಿಗೆ ಒಬ್ಬ ಅತ್ತೆಯನ್ನು ಫೋನಿನಲ್ಲಿ ಕೊಟ್ಟು ನೋಡಬಹುದಿತ್ತು.

ಹೀಗೆ ಅರ್ಜಿ ಹಾಕುತ್ತ ಹೋದವನ ಬಾಗಿಲಿಗೆ ಕಂಪನಿಗಿಂತ ಮೊದಲು ಕಳ್ಳ ಬರುತ್ತಾನೆ. ಟೆಲಿಗ್ರಾಂನಲ್ಲಿ ಸಂದೇಶ, ಹತ್ತು ನಿಮಿಷದ ಚಾಟ್‌ನಲ್ಲೇ ಆಯ್ಕೆ, ಮೊಹರು ಬಿದ್ದ ಆಫರ್ ಲೆಟರ್. ಮನೆಗೆ ಲ್ಯಾಪ್‌ಟಾಪ್ ಕಳಿಸುತ್ತೇವೆ, ವಾಪಸ್ ಕೊಡುವಂಥ ಸಣ್ಣದೊಂದು ಡಿಪಾಸಿಟ್ ಕಟ್ಟಿ ಎಂಬ ಸಾಲು ಕೊನೆಯಲ್ಲಿ. ಅಪ್ಪಯ್ಯನಿಗೆ ಎಪಿಪಾ ಗೊತ್ತಿಲ್ಲ, ವ್ಯಾಪಾರ ಗೊತ್ತು. "ಕೆಲಸ ಮಾಡಿಸ್ಕಂಬವ್ವು ದುಡ್ಡು ಕೊಡವು, ನಾವು ಕೊಡೂದಲ್ಲ" ಎಂದು ಕವಳ ಹಾಕಲು ಹೋದರು. ದುಡ್ಡು ಕಟ್ಟಿಬಿಟ್ಟವರು ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಸೈಬರ್ ವಂಚನೆಗೆಂದೇ ಸರ್ಕಾರ ಇಟ್ಟ ಸಂಖ್ಯೆ ಅದು; ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಕೆಟ್ಟದ್ದು ಎರಡನೆಯ ಬಗೆ. ಅಲ್ಲಿ ಕೆಲಸ ನಿಜ, ಸಂಬಳವೂ ನಿಜ, ಸಪೋರ್ಟ್ ಮಾತ್ರ ಸುಳ್ಳು. ಅಂಥದೊಂದು ಕಡೆ ಸೇರಿದಾಗ ತರಬೇತಿಯ ಮೊದಲ ದಿನವೇ ಮಾಣಿಗೆ ಹೇಳಿಕೊಟ್ಟದ್ದು ಹೀಗೆ: ಗ್ರಾಹಕರ ಕಂಪ್ಯೂಟರ್‌ನಲ್ಲಿ 'ಇವೆಂಟ್ ವ್ಯೂವರ್' ತೆರೆಸಿ, ಅಲ್ಲಿ ಕಾಣುವ ಹಳದಿ ತ್ರಿಕೋನ, ಕೆಂಪು ಗುರುತುಗಳನ್ನೆಲ್ಲ ವೈರಸ್ ಎನ್ನಿ, ತೆಗೆಯಲು ಇಷ್ಟು ಡಾಲರ್ ಎನ್ನಿ. ಆ ಗುರುತುಗಳು ಪ್ರತಿಯೊಂದು ವಿಂಡೋಸ್ ಕಂಪ್ಯೂಟರ್‌ನಲ್ಲೂ ಇರುತ್ತವೆ. ಯಾವುದೋ ಸೇವೆ ತಡವಾಗಿ ಶುರುವಾಯಿತು ಎಂಬಂಥ ದಿನಚರಿಯ ಟಿಪ್ಪಣಿಗಳು ಅವು. ಇದೇ ದಂಧೆಯ ಬಗ್ಗೆ ಮೈಕ್ರೋಸಾಫ್ಟ್, ಅಮೆಜಾನ್ ಕೊಟ್ಟ ದೂರುಗಳೂ ಸೇರಿದಂತೆ ಹಲವು ಪ್ರಕರಣಗಳ ಮೇಲೆ ಸಿಬಿಐ 2023ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಚಕ್ರ-2' ನಡೆಸಿತು. ಆ ಕಾರ್ಯಾಚರಣೆಯಲ್ಲಿ ದೇಶದ 76 ಕಡೆ ಶೋಧ ನಡೆಯಿತು. ಮಾಣಿ ಅದನ್ನೆಲ್ಲ ಓದಿದವನಲ್ಲ. "ಈ ಹಳದಿ ನಮ್ಮ ಅತ್ತೆ ಕಂಪ್ಯೂಟರಲ್ಲೂ ಇದೆ ಸರ್" ಎಂದ. ಮರುದಿನದಿಂದ ತರಬೇತಿಯ ಲಿಂಕ್ ತೆರೆಯಲಿಲ್ಲ.

ಈ ನಡುವೆ ಒಂದು ಹೆಣ್ಣಿನ ಕಡೆಯವರು ಬಂದು ಹೋದರು. ಹುಡುಗ ಏನು ಮಾಡಿಕೊಂಡಿದ್ದಾನೆ ಎಂದರೆ "ಕಂಪ್ಯೂಟರ್ ಲೈನ್, ಮನೆಯಿಂದ್ಲೇ" ಎಂದು ಅಮ್ಮ ಹೇಳಿದರು. ಬಂದವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಹೋಗುವಾಗ ಹುಡುಗಿಯ ತಂದೆ, ಮೊಬೈಲ್‌ನಲ್ಲಿ ಜಾಗ ಇಲ್ಲ ಅಂತ ಬರ್ತದೆ, ಸ್ವಲ್ಪ ನೋಡ್ತೀರಾ ಎಂದರು. ಮಾಣಿ ವಾಟ್ಸ್‌ಆ್ಯಪ್‌ನ ಶುಭೋದಯದ ಚಿತ್ರಗಳನ್ನೆಲ್ಲ ಅಳಿಸಿ ಕೊಟ್ಟ. ಸಂಬಂಧ ಕೂಡಲಿಲ್ಲ. ಫೋನ್ ಮಾತ್ರ ಆ ಮನೆಯಿಂದ ಆಗಾಗ ಬರುತ್ತದೆ.

ಕೊನೆಗೂ ಕೆಲಸ ಸಿಕ್ಕಿತು. ಫೋನಿನದ್ದಲ್ಲ, ಚಾಟ್ ಸಪೋರ್ಟ್, ಒಂದೇ ಹೊತ್ತಿಗೆ ಮೂವರೊಡನೆ ಟೈಪ್ ಮಾಡುತ್ತ ಉತ್ತರಿಸುವಂಥದು. ಬೆರಳಿಗೆ ಮಲೆನಾಡಿನ ರಾಗವಿಲ್ಲದ್ದರಿಂದ ಉಚ್ಚಾರಣೆಯ ತಕರಾರು ಬರಲಿಲ್ಲ. ಆರು ತಿಂಗಳ ಕಾಂಟ್ರ್ಯಾಕ್ಟ್. ಅಡಿಕೆಗೆ ರೇಟು ಬಂದ ವರ್ಷ ತೋಟವೇ ಇದಕ್ಕಿಂತ ಹೆಚ್ಚು ಕೊಡುತ್ತದೆ ಎಂದು ಅಪ್ಪಯ್ಯ ಲೆಕ್ಕ ಹಾಕಿದ್ದಾರೆ. ಇನ್ವರ್ಟರ್‌ಗೆ ಬ್ಯಾಟರಿ ಕೊಡಿಸಿದವರೂ ಅವರೇ.

ಆದ್ದರಿಂದ ಕುಂದಾಪುರ, ಶಿರಸಿ ಮತ್ತಿತರ ಕಡೆಯ ಬಂಧುಗಳ ಗಮನಕ್ಕೆ: ಮಾಣಿಯ ಪಾಳಿ ನ್ಯೂಯಾರ್ಕ್‌ನ ಬೆಳಿಗ್ಗೆ ಒಂಬತ್ತಕ್ಕೆ ಶುರು. ಅಮೆರಿಕದವರು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದರಿಂದ, ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅದು ನಮ್ಮ ಸಂಜೆ 6.30, ಉಳಿದ ತಿಂಗಳುಗಳಲ್ಲಿ 7.30. ಬೆಳಗಿನ ಜಾವ ಪಾಳಿ ಬಿಟ್ಟು ಮಲಗಿದವನು ಮಧ್ಯಾಹ್ನದವರೆಗೆ ಏಳುವುದಿಲ್ಲ. ಪ್ರಿಂಟರ್, ರೌಟರ್, ಟೀವಿ, ಪಾಸ್‌ವರ್ಡ್ ಏನೇ ಇದ್ದರೂ ಊಟವಾದ ಮೇಲೆ, ದೀಪ ಹಚ್ಚುವ ಮೊದಲು ಫೋನ್ ಮಾಡಿ. ಮಾಡುವ ಮುಂಚೆ ವಯರ್ ಒಮ್ಮೆ ನೋಡಿಕೊಳ್ಳಿ.