ಕಾಲು ಟನ್ ರಾಯರು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ, ಫ್ರೀಮಾಂಟ್, ಸನ್ನಿವೇಲ್ ಕಡೆ, ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಪಾಯಸ ಮುಗಿದ ಮೇಲೆ ಗಂಡಸರು ಮೂರು ಪಂಗಡವಾಗುತ್ತಾರೆ. ಷೇರಿನ ಮಾತಾಡುವವರು ಸೋಫಾ ಹಿಡಿಯುತ್ತಾರೆ. ಕರ್ನಾಟಕದ ರಾಜಕೀಯವನ್ನು ರಿಪೇರಿ ಮಾಡುವವರು ಹಿತ್ತಲಿಗೆ ಹೋಗುತ್ತಾರೆ. ಮೂರನೆಯ ಪಂಗಡದಲ್ಲಿ ಒಬ್ಬರೇ ಇರುತ್ತಾರೆ. ಅವರು ನಿಮ್ಮ ಭುಜದ ಮೇಲೆ ಕೈಯಿಟ್ಟು, "ಎರಡೇ ನಿಮಿಷ, ಗ್ಯಾರೇಜಿಗೆ ಬನ್ನಿ" ಅನ್ನುತ್ತಾರೆ. ಅವರೇ ಕಾಲು ಟನ್ ರಾಯರು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡಿದ್ದರೆ ಬದಲಿಸಿ, ಮನೆಯವರಿಗೆ ಒಂದು ಮಾತು ತಿಳಿಸಿ, ಆಮೇಲೆ ಹೋಗಿ.

ಗ್ಯಾರೇಜಿನಲ್ಲಿ ಕಾರು ಇರುವುದಿಲ್ಲ. ಮನೆಯ ಎರಡು ಕಾರೂ ಹೊರಗೆ ಬಿಸಿಲು ಕಾಯುತ್ತಿರುತ್ತವೆ. ಒಳಗೆ ಎರಡು ಚಕ್ರದ ಮೇಲೆ ಕೂತ ಒಂದು ಕಬ್ಬಿಣದ ತೊಟ್ಟಿ, ಮುಂದಕ್ಕೆ ಚಾಚಿದ ಮೂಕಿ, ಮೂಕಿಯ ತುದಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕಿನ ಬಳೆ. "ಎಂ 416" ಎನ್ನುತ್ತಾರೆ ರಾಯರು, ಅಷ್ಟಕ್ಕೇ ಎಲ್ಲವೂ ತಿಳಿದುಹೋಯಿತೆಂಬ ಧಾಟಿಯಲ್ಲಿ. ತಿಳಿಯಲಿಲ್ಲವೆಂದು ನಿಮ್ಮ ಮುಖ ಹೇಳಿತೋ, ಕೆಟ್ಟಿರಿ. ತಿಳಿಯಿತೆಂದು ಹೇಳಿತೋ, ಇನ್ನೂ ಕೆಟ್ಟಿರಿ.

ಅಮೆರಿಕದ ಸೈನ್ಯ 1960ರ ದಶಕದಿಂದ ತನ್ನ ಎಂ 151 ಜೀಪುಗಳ ಹಿಂದೆ ಕಟ್ಟಿ ಎಳೆಸುತ್ತಿದ್ದ ಕಾಲು ಟನ್ನಿನ ಸಾಮಾನುಗಾಡಿ ಇದು. ಆ ಜೀಪಿಗೆ ಬಿರುಸಿನ ತಿರುವಿನಲ್ಲಿ ಮಗುಚಿಕೊಳ್ಳುವ ಚಾಳಿಯಿತ್ತು. ಹಾಗಾಗಿ ಸೇವೆ ಮುಗಿದ ಮೇಲೆ ಅವನ್ನು ಜನರ ಕೈಗೆ ಕೊಡುವುದು ಬೇಡವೆಂದು ಸರ್ಕಾರ ಬಹಳಷ್ಟನ್ನು ಕತ್ತರಿಸಿಯೇ ಗುಜರಿಗೆ ಹಾಕಿತು. ಟ್ರೇಲರಿನ ಮೇಲೆ ಅಂಥ ಆರೋಪವೇನೂ ಇರಲಿಲ್ಲ. ಇಲ್ಲಿ ರಾಯರು ದನಿ ಇಳಿಸುತ್ತಾರೆ. "ನೋಡಿ, ಮುಂದೆ ನಿಂತು ಎಳೆದವನನ್ನು ಕತ್ತರಿಸಿದರು. ಹಿಂದೆ ಸುಮ್ಮನೆ ಎಳೆಸಿಕೊಂಡು ಬಂದದ್ದು ಉಳಿದುಕೊಂಡಿತು. ನಮ್ಮ ಆಫೀಸಿನಲ್ಲೂ ಲೇಆಫ್ ಹೀಗೇ ಆಯಿತು." ಉಳಿದುಕೊಂಡವರ ಪೈಕಿ ತಾವೂ ಒಬ್ಬರು ಎಂಬುದನ್ನು ಅವರು ಹೇಳುವುದಿಲ್ಲ. ನಾವು ಕೇಳುವುದೂ ಇಲ್ಲ.

ನೇರವಾಗಿ ಸರ್ಕಾರಿ ಹರಾಜಿನಲ್ಲಿ ಕೊಂಡವರಿಗೆ ಎಸ್‌ಎಫ್ 97 ಎಂಬ ಕಾಗದ ಸಿಗುತ್ತದೆ, ಅದನ್ನು ತೋರಿಸಿ ನಂಬರು ಪ್ಲೇಟು ಮಾಡಿಸಿಕೊಳ್ಳಬಹುದು. ರಾಯರದ್ದು ಕೈಯಿಂದ ಕೈಗೆ ದಾಟಿ ಬಂದ ಗಾಡಿ. ಕೊನೆಯದಾಗಿ ಅದರಲ್ಲಿ ಹುಲ್ಲು ಸಾಗಿಸುತ್ತಿದ್ದ ರೈತನೊಬ್ಬ ಕಾಗದ ಎಲ್ಲಿ ಹೋಯಿತೋ ಅಂದುಬಿಟ್ಟ. ಉಳಿದಿದ್ದ ದಾಖಲೆಯೆಂದರೆ ಮೈಮೇಲೆ ಬಡಿದ ತಗಡಿನ ಫಲಕ ಒಂದೇ. ರಾಯರು ಅದನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಸುಣ್ಣ ತೀಡಿ, ಓರೆಯಾಗಿ ಟಾರ್ಚು ಹಿಡಿದು ಹಳೆಯ ಶಾಸನದ ಹಾಗೆ ಓದಿದರು. ಸೀರಿಯಲ್ ನಂಬರಿನ ಕೊನೆಯ ಅಂಕಿ ಮೂರೋ ಎಂಟೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಇಷ್ಟೆಲ್ಲ ಯಾತಕ್ಕೆ? ರಾಯರನ್ನೇ ಕೇಳಿದರೆ ಕ್ಯಾಂಪಿಂಗಿಗೆ ಎನ್ನುತ್ತಾರೆ. ಡಾಂಬರು ಮುಗಿದ ಮೇಲೆ ಶುರುವಾಗುವ ದಾರಿ, ಮರುಭೂಮಿ, ನಕ್ಷತ್ರ, ಟ್ರೇಲರಿನ ನೆತ್ತಿಯ ಮೇಲೆ ಬಿಚ್ಚಿಕೊಳ್ಳುವ ಡೇರೆ. ನನಗಂತೂ ನಂಬಿಕೆಯಿಲ್ಲ. ರಾಯರು ಓದಿದ್ದು ನಮ್ಮ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅದೂ ಮೆಕ್ಯಾನಿಕಲ್. ನಾಲ್ಕು ವರ್ಷದಲ್ಲಿ ಅವರು ಕೈಯಾರೆ ಮಾಡಿದ ವಸ್ತು ಒಂದೇ ಒಂದು: ಮೊದಲ ವರ್ಷದ ಫಿಟ್ಟಿಂಗ್ ಲ್ಯಾಬಿನ ವಿ ಜಾಯಿಂಟು. ಎರಡು ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ ಉಜ್ಜಿ ಒಂದರೊಳಗೊಂದು ಕೂರಿಸುವ ಕೆಲಸ. ಅದನ್ನು ಬೆಳಕಿಗೆ ಹಿಡಿದು ನೋಡಿದ ಇನ್‌ಸ್ಟ್ರಕ್ಟರು, "ಈ ಸಂದಿಯಲ್ಲಿ ಎತ್ತಿನಗಾಡಿ ಹೋಗುತ್ತೆ ಕಣಯ್ಯಾ" ಎಂದರಂತೆ. ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿ ಎತ್ತಿಕೊಂಡ ಮೇಲೆ ಇಪ್ಪತ್ತು ಚಿಲ್ಲರೆ ವರ್ಷ ಅವರ ಬೆರಳಿಗೆ ಕೀಬೋರ್ಡು ಬಿಟ್ಟು ಬೇರೇನೂ ತಾಗಿಲ್ಲ. ಅಲ್ಲಿ ಬರೆದದ್ದೆಲ್ಲ ಎರಡು ವಾರಕ್ಕೊಮ್ಮೆ ಬದಲಾಗುತ್ತದೆ, ಎರಡು ವರ್ಷಕ್ಕೆ ಬುಡಸಮೇತ ಹೋಗುತ್ತದೆ. ಇಲ್ಲಿಯಾದರೋ ಬಿಗಿ ಮಾಡಿದ ನಟ್ಟು ಬಿಗಿಯಾಗಿಯೇ ಇರುತ್ತದೆ. ಇವರಿಗೆ ಬೇಕಾದದ್ದು ಕಾಡಲ್ಲ, ಬೋಲ್ಟು. ಆ ಇನ್‌ಸ್ಟ್ರಕ್ಟರನ್ನು ಒಮ್ಮೆ ಗ್ಯಾರೇಜಿಗೆ ಕರೆತಂದರೆ ಇಡೀ ಯೋಜನೆ ಒಂದೇ ದಿನದಲ್ಲಿ ಮುಗಿದೀತು.

ಮೊದಲು ಬಂದದ್ದು ತುಕ್ಕು. ಎಂ 416ರ ತಳದಲ್ಲಿ ನೀರು ಬಿಡಲು ಪ್ಲಗ್ಗುಗಳಿರುತ್ತವೆ. ರಾಯರ ಗಾಡಿಯಲ್ಲಿ ಪ್ಲಗ್ಗು ಜಖಂ ಆಗದೆ ನಿಂತಿತ್ತು, ಸುತ್ತಲಿನ ತಳವೇ ಇರಲಿಲ್ಲ. ತೊಟ್ಟಿಯನ್ನು ಚಾಸಿಗೆ ಬೋಲ್ಟು ಹಾಕಿ ಕೂರಿಸಿರುವುದರಿಂದ ಬಿಚ್ಚಿ ಎತ್ತಿಬಿಡಬಹುದು ಎಂದು ಪುಸ್ತಕ ಹೇಳುತ್ತದೆ. ಅರ್ಧ ಶತಮಾನ ಅಲುಗದ ಬೋಲ್ಟು ಆ ಪುಸ್ತಕ ಓದಿಲ್ಲ. ಎಣ್ಣೆ ಸುರಿದರು, ಕಾಯಿಸಿದರು, ಉದ್ದನೆ ಪೈಪು ಸಿಕ್ಕಿಸಿ ಜಗ್ಗಿದರು, ಕಡೆಗೆ ಗ್ರೈಂಡರಿಗೆ ಶರಣಾದರು. ಹಳೆಯ ಬಣ್ಣ ಕೆರೆಯುವಾಗ ಮುಖಕ್ಕೆ ಗ್ಯಾಸ್ ಮಾಸ್ಕ್ ಕಟ್ಟಿಕೊಂಡರು. ಅದು ಶೋಕಿಯಲ್ಲ: ಸೈನ್ಯದ ಹಳೆಯ ಬಣ್ಣಗಳಲ್ಲಿ ಸೀಸವೋ ಕ್ರೋಮಿಯಮ್ಮೋ ಇರುವ ಸಂಭವವಿದೆ, ಧೂಳು ಕುಡಿಯುವಂಥದ್ದಲ್ಲ. ಆ ವೇಷದಲ್ಲೇ ಬಾಗಿಲು ತೆರೆದಾಗ ಪಾರ್ಸೆಲ್ ತಂದ ಹುಡುಗ ಡಬ್ಬಿ ಅಲ್ಲೇ ಕೆಳಗಿಟ್ಟು ಹೊರಟುಹೋದ.

ಆಮೇಲೆ ಬಣ್ಣ. ನನಗೂ ನಿಮಗೂ ಅದು ಮಿಲಿಟರಿ ಹಸಿರು. ರಾಯರಿಗೆ ಅದು 24087 ಅಥವಾ 34087. ಮೊದಲ ಅಂಕಿ ಎರಡಾದರೆ ಅರೆಹೊಳಪು, ಮೂರಾದರೆ ಹೊಳಪೇ ಇಲ್ಲ. ವಿಯೆಟ್ನಾಮ್ ಕಾಲದ ಗಾಡಿಗೆ ಅರೆಹೊಳಪೇ ಸರಿ ಎಂದು ಒಂದು ಪಕ್ಷ. ಧೂಳು ಬಿದ್ದ ಮೇಲೆ ಎಲ್ಲವೂ ಹೊಳಪಿಲ್ಲದ್ದೇ ಎಂದು ಇನ್ನೊಂದು. ಗ್ಯಾರೇಜಿನ ಗೋಡೆಯ ಮೇಲೆ ಹತ್ತಾರು ಹಸಿರು ಚೌಕಗಳು ಎದ್ದವು. ಮನೆಯವರನ್ನು ಕರೆದು "ಯಾವುದು ಸರಿ ಅನ್ಸುತ್ತೆ?" ಎಂದು ಕೇಳಿದ್ದಕ್ಕೆ ಅವರು, "ಎಲ್ಲಾ ಒಂದೇ ಹಸಿರಲ್ವೇನ್ರೀ?" ಅಂದುಬಿಟ್ಟರು. ಸಂಸಾರದಲ್ಲಿ ಕೆಲವು ಗಾಯಗಳು ಹೀಗೂ ಆಗುತ್ತವೆ.

ಬಣ್ಣ ಒಣಗಲೆಂದು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದಾಗ ಬಡಾವಣೆಯ ಸಂಘದಿಂದ ಓಲೆ ಬಂತು: ಟ್ರೇಲರ್ ರಸ್ತೆಗೆ ಕಾಣುವಂತೆ ಇರತಕ್ಕದ್ದಲ್ಲ. ರಾಯರು ಸಭೆಗೆ ಹೋಗಿ ವಾದಿಸಿದರು. "ಈ ಬಣ್ಣವನ್ನು ಕಂಡುಹಿಡಿದದ್ದೇ ಕಾಣದಿರಲಿ ಎಂದು. ನಿಮಗೆ ಕಾಣಿಸುತ್ತಿದ್ದರೆ ಅದು ನಿಮ್ಮ ಹುಲ್ಲುಹಾಸು ಹಳದಿಯಾಗಿರುವುದರ ತಪ್ಪು." ದಂಡ ಕಟ್ಟಿದರು. ಆದರೂ ಆ ವಾದವನ್ನು ಊಟದ ಮನೆಗಳಲ್ಲಿ ಈಗಲೂ ಮಂಡಿಸುತ್ತಾರೆ, ಅಲ್ಲೆಲ್ಲ ಗೆಲ್ಲುತ್ತಾರೆ.

ರಾಯರು ತುಂಬ ಮೆಚ್ಚಿ ಹೇಳುವ ಕಥೆ ಬ್ಯಾಂಟಮ್ ಕಂಪನಿಯದು. 1940ರಲ್ಲಿ ಸೈನ್ಯಕ್ಕೆ ಒಂದು ಪುಟ್ಟ ಗಾಡಿ ಬೇಕಾಯಿತು. ಮೊದಲ ನಮೂನೆಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಆ ಸಣ್ಣ ಕಂಪನಿ ಹಗಲುರಾತ್ರಿ ದುಡಿದು ಸೆಪ್ಟೆಂಬರ್ 23ರಂದು, ಹೊತ್ತು ಮೀರಲು ಅರ್ಧ ಗಂಟೆ ಇರುವಾಗ, ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರದೊಳಕ್ಕೆ ಗಾಡಿಯನ್ನು ಓಡಿಸಿಕೊಂಡು ಬಂತು. ಅದೇ ಜೀಪಿನ ಮೂಲಪುರುಷ. ಆದರೆ ದೊಡ್ಡ ಗುತ್ತಿಗೆ ಹೋದದ್ದು ವಿಲ್ಲಿಸ್‌ಗೆ, ಫೋರ್ಡ್‌ಗೆ. ಜೀಪು ಹುಟ್ಟಿಸಿದವರಿಗೆ ಸಿಕ್ಕಿದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವ ಕೆಲಸ! ನದಿಯಲ್ಲಿ ತೇಲಿಸಿಕೊಂಡು ದಾಟಿಸಬಹುದಾದ ಆ ಕಾಲು ಟನ್ನಿನ ಟ್ರೇಲರ್ ನಮ್ಮ ಎಂ 416ರ ಅಜ್ಜ. ಈ ಅನ್ಯಾಯ ಹೇಳುವಾಗ ರಾಯರ ಕಣ್ಣು ಒದ್ದೆಯಾಗುತ್ತದೆ. ಬಾಳೆಹಣ್ಣಿನ ತಟ್ಟೆ ಹಿಡಿದು ಬಂದಿದ್ದ ಮನೆಯವರು ಒಮ್ಮೆ ನಿಂತು ಕೇಳಿಸಿಕೊಂಡರು.

"ಎಷ್ಟು ದಿನ ಅಂದ್ರಿ?"

"ನಲವತ್ತೊಂಬತ್ತು."

"ಇಡೀ ಜೀಪಿಗೆ?"

"ಇಡೀ ಜೀಪಿಗೆ. ಎಂಜಿನ್ ಸಮೇತ."

ಅವರು ಟ್ರೇಲರ್ ಕಡೆ ನೋಡಿದರು. ಅದು ಮನೆಗೆ ಬಂದಾಗ ಮಗಳು ಮಿಡ್ಲ್ ಸ್ಕೂಲಿನಲ್ಲಿದ್ದಳು, ಈಗ ಸ್ಯಾನ್ ಡಿಯಾಗೋದಲ್ಲಿ ಕಾಲೇಜು. ಅದಕ್ಕೆ ಎಂಜಿನ್ನೂ ಇಲ್ಲ. ಮನೆಯವರು ಏನೂ ಹೇಳದೆ ತಟ್ಟೆಯನ್ನು ಮಡ್‌ಗಾರ್ಡಿನ ಮೇಲಿಟ್ಟು ಒಳಗೆ ಹೋದರು. ರಾಯರು ಗಾಬರಿಯಾಗಿ ತಟ್ಟೆಯ ಕೆಳಗೆ ಬಟ್ಟೆ ಹಾಸಿದರು.

ಬುದ್ಧಿ ಇಲ್ಲದ ಕೆಲಸ ಮಾತ್ರ ಅಲ್ಲ ಇದು, ನ್ಯಾಯವಾಗಿ ಹೇಳಬೇಕು. ಕಾರಿಗೂ ಟ್ರೇಲರಿಗೂ ಒಂದೇ ಅಳತೆಯ ಚಕ್ರ ಹಾಕಿದ್ದಾರೆ, ಒಂದು ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಸೈನ್ಯದ 24 ವೋಲ್ಟಿನ ದೀಪ ಕಿತ್ತು ಕಾರಿಗೆ ಹೊಂದುವ 12 ವೋಲ್ಟಿನದು ಕೂರಿಸಿದ್ದಾರೆ. ಆಕ್ಸಲನ್ನು ಪಟ್ಟಿ ಸ್ಪ್ರಿಂಗಿನ ಅಡಿಗೆ ಇಳಿಸಿ ಗಾಡಿಯನ್ನು ಎತ್ತರಿಸಿದ್ದಾರೆ. ಮೂಕಿಯ ಬಳೆ ಮತ್ತು ಕಾರಿನ ಕೊಕ್ಕೆಯನ್ನು ಮಾತ್ರ ಮುಟ್ಟಿಲ್ಲ. ಹಳ್ಳದಲ್ಲಿ ಕಾರು ಒಂದು ಕಡೆ ವಾಲಿದರೂ ಟ್ರೇಲರ್ ತನ್ನ ಪಾಡಿಗೆ ತಾನು ಬರಲು ಬೇಕಾದಷ್ಟು ಸಡಿಲ ಆ ಜೋಡಣೆಗಿದೆ. ಅಷ್ಟೇ ಸದ್ದೂ ಇದೆ. ರಾಯರು ಬೀದಿಯ ತುದಿಗೆ ಬಂದರೆ ಮನೆಯಲ್ಲಿ ಕಾಫಿಗೆ ಹಾಲು ಇಡಬಹುದು.

ಎಡವಟ್ಟಾದದ್ದು ತೂಕದಲ್ಲಿ. ರಸ್ತೆ ಬಿಟ್ಟ ಕಡೆ ಎಂ 416 ಹೊರಬೇಕಾದದ್ದು 500 ಪೌಂಡು, ಅಂದರೆ 227 ಕಿಲೋ. ರಾಯರು ಎಕ್ಸೆಲ್ ಶೀಟ್ ಮಾಡಿದರು. ಡೇರೆ 60. ಬ್ಯಾಟರಿ 30. ಫ್ರಿಜ್ಜು 22. ಎರಡು ಜೆರಿಕ್ಯಾನ್ ನೀರು 45. ನೆರಳಿನ ಮೇಲುಕಟ್ಟು 12. ಸ್ಟವ್ ಸಮೇತ ಉಕ್ಕಿನ ಡ್ರಾಯರು 38. ಟೂಲ್‌ಬಾಕ್ಸು 18. ಕೂಡಿಸಿ ಕಳೆದರೆ ಉಳಿದದ್ದು ಎರಡು ಕಿಲೋ.

"ಅದರಲ್ಲಿ ಊಟ ಬರಬೇಕು" ಎಂದರು ರಾಯರು.

"ಯಾರ ಊಟ?" ಎಂದರು ಮನೆಯವರು.

ಟೂಲ್‌ಬಾಕ್ಸ್ ಬಿಟ್ಟು ಹೋಗೋಣ ಎಂಬ ಸಲಹೆಯನ್ನು ರಾಯರು ಕೇಳಿಸಿಕೊಳ್ಳಲಿಲ್ಲ.

ಮಾವನವರು ಬೇಸಿಗೆಗೆ ಬಂದಿದ್ದರು. ಸಕಲೇಶಪುರದ ಕಡೆಯ ಕಾಫಿ ತೋಟದ ಹಿರಿಯರು, ಜೀಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡೇ ಆಯುಸ್ಸು ಕಳೆದವರು. ರಾಯರು ಎದೆಯುಬ್ಬಿಸಿ ಹೊದಿಕೆ ಸರಿಸಿದರು. ಮಾವನವರು ಒಂದು ಸುತ್ತು ಬಂದರು, ಚಕ್ರಕ್ಕೆ ಕಾಲಿನಲ್ಲಿ ಒದ್ದರು, ತೊಟ್ಟಿಯೊಳಗೆ ಇಣುಕಿದರು.

"ಚೆನ್ನಾಗಿದೆ ಅಳಿಯಂದಿರೇ. ಗೊಬ್ಬರ ಎಷ್ಟು ಹಿಡಿಯುತ್ತೆ?"

"ಗೊಬ್ಬರ ಅಲ್ಲ ಮಾವ, ಇದರ ಮೇಲೆ ಮಲಗೋದು."

ಮಾವನವರು ಅಳಿಯನ ನಾಲ್ಕು ಕೋಣೆಯ ಮನೆಯ ಕಡೆ ನೋಡಿದರು. ಆಮೇಲೆ ಮಗಳ ಮುಖ ನೋಡಿದರು. ಆ ರಾತ್ರಿ ಊರಿಗೆ ಫೋನು ಮಾಡಿ ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದರಂತೆ.

ಈ ನಡುವೆ ಟ್ರೇಲರ್ ಕೆಲಸವಿಲ್ಲದೆ ಕೂತಿತ್ತು ಎಂದು ತಿಳಿಯಬೇಡಿ. ಮನೆ ಬದಲಿಸುವವರು, ಸೋಫಾ ಕೊಂಡವರು, ಗಣೇಶನ ಹಬ್ಬಕ್ಕೆ ಮಂಟಪ ಹೊರಿಸುವವರು ಎಲ್ಲರೂ ರಾಯರನ್ನೇ ನೆನೆದರು. ರಾಜ್ಯೋತ್ಸವದ ಬಿಸಿಬೇಳೆಬಾತಿನ ಕೊಳಗಗಳು ಅದರಲ್ಲೇ ಸಭಾಂಗಣ ತಲುಪಿದವು. ತುಪ್ಪ ತುಳುಕಿ 24087ರ ಮೇಲೆ ಹರಿದಾಗ ರಾಯರು ಅತಿಥಿ ಭಾಷಣ ಬಿಟ್ಟು ಎದ್ದು ಓಡಿದರು. ಭಾಷಣ ಬಿಟ್ಟು ಓಡಲು ಕಾರಣ ಸಿಕ್ಕಿದ್ದಕ್ಕೆ ಹಲವರು ಸಹಾಯಕ್ಕೂ ಹೋದರು.

ಕಡೆಗೊಮ್ಮೆ ಹೊರಟರು. ಮೊಹಾವೆ ಮರುಭೂಮಿಯನ್ನು ಅಡ್ಡಕ್ಕೆ ಸೀಳಿ ಹೋಗುವ, ಹಿಂದೆ ಬಂಡಿಗಳು ಓಡಾಡುತ್ತಿದ್ದ ಸುಮಾರು 140 ಮೈಲಿಯ ಮೊಹಾವೆ ರೋಡ್. ಜೋಶುವಾ ಮರಗಳ ಬಯಲು, ಮರಳು, ಮೈಲಿಗಟ್ಟಲೆ ಅಲೆಅಲೆಯಾಗಿ ಗಟ್ಟಿಗೊಂಡ ನೆಲ. ಒಪ್ಪಬೇಕಾದ್ದು ಒಪ್ಪಬೇಕು, ಟ್ರೇಲರ್ ಎಲ್ಲೂ ಕೈಕೊಡಲಿಲ್ಲ. ಕಾರಿನ ಚಕ್ರ ತುಳಿದ ಜಾಡನ್ನೇ ತುಳಿದು, ಕೊಕ್ಕೆಯಲ್ಲಿ ಖಣಖಣ ಎನ್ನುತ್ತ ಹಿಂಬಾಲಿಸಿತು. ಸಂಜೆ ಒಂದು ಗುಡ್ಡದ ಮಗ್ಗುಲಲ್ಲಿ ನಿಲ್ಲಿಸಿದರು. ಆಗಲೇ ಅಲ್ಲಿ ಬಾಡಿಗೆ ಕಾರಿನಲ್ಲಿ ಬಂದ ಇಬ್ಬರು ಹುಡುಗರು ಅಂಗಡಿಯಿಂದ ಆ ವಾರ ತಂದ ಡೇರೆ ಹೊಡೆದುಕೊಂಡು ನೂಡಲ್ಸ್ ತಿನ್ನುತ್ತಿದ್ದರು. ರಾಯರು ಅವರನ್ನು ನೋಡಿಯೂ ನೋಡದವರಂತೆ ಇದ್ದರು. ಹುಡುಗರೇ ಬಂದು ಟ್ರೇಲರ್ ಬಗ್ಗೆ ಕೇಳಿದರು, ಪಾಪ. ಬಟ್ಲರ್ ಊರಿನವರೆಗೆ ಹೋಗಿ ಬರುವಷ್ಟರಲ್ಲಿ ಅವರ ನೂಡಲ್ಸ್ ಆರಿತು.

ಕತ್ತಲಾಯಿತು. ಮನೆಯವರು ಅಕ್ಕಿ ತೊಳೆದಿಟ್ಟುಕೊಂಡು ಸ್ಟವ್ವಿಗಾಗಿ ಡ್ರಾಯರು ಎಳೆದರು. ಬರಲಿಲ್ಲ. ದಿನವಿಡೀ ಕುಲುಕಿದ ಕುಲುಕಿಗೆ ಹಿಟ್ಟಿನಷ್ಟು ಸಣ್ಣ ಧೂಳು ಡ್ರಾಯರಿನ ಹಳಿಯೊಳಗೆ ಹೊಕ್ಕು ಬಿಗಿದುಕೊಂಡಿತ್ತು. ತುಂಬ ನಿಖರವಾಗಿ, ಕೂದಲೂ ತೂರದ ಹಾಗೆ ಕೂರಿಸಿದ ಡ್ರಾಯರು ಅದು. ರಾಯರನ್ನು ಹುಡುಕಿದರೆ ಅವರು ಹಣೆಗೆ ದೀಪ ಕಟ್ಟಿಕೊಂಡು ಟ್ರೇಲರಿನ ಕೆಳಗೆ ಅಂಗಾತ ಮಲಗಿದ್ದರು.

"ರೀ, ಡ್ರಾಯರ್ ಬರ್ತಿಲ್ಲ. ಅನ್ನಕ್ಕೆ ಇಡ್ಬೇಕು."

"ಒಂದೇ ನಿಮಿಷ ಕಣೇ. ಎಡಗಡೆ ಹಬ್ಬು ಬಿಸಿ ಅನ್ನಿಸ್ತಿದೆ. ಬೇರಿಂಗ್ ಗ್ರೀಸ್ ನೋಡ್ಬೇಕು."

"ಎಷ್ಟು ಬಿಸಿ?"

"ಕೈ ಇಟ್ರೆ ಚುರ್ ಅನ್ನುತ್ತೆ."

"ಹಾಗಾದ್ರೆ ನೀವು ಗ್ರೀಸ್ ಹಚ್ಚೋದು ನಿಲ್ಸಿ," ಎಂದರು ಮನೆಯವರು. "ಕುಕ್ಕರ್ ತರ್ತೀನಿ, ಅಲ್ಲೇ ಇಡಿ."