ಉಪ್ಪು ತಿಂದೂ ನೀರು ಬಿಡದವರು

ಜೂನ್ ಕೊನೆ. ಕರಾವಳಿಯ ಯಾಂತ್ರಿಕ ದೋಣಿಗಳಿಗೆ 61 ದಿನಗಳ ಕಡ್ಡಾಯ ರಜೆ, ಘಟ್ಟದ ಮೇಲೆ ಒಣಮೀನಿಗೆ ಸುಗ್ಗಿ. ಸಾಗರದ ಸಂತೆಯಲ್ಲಿ, ಟಾರ್ಪಾಲಿನ ಕೆಳಗೆ, ರಾಶಿಯ ತಳದಲ್ಲಿ ಬೇಕೆಂದೇ ಅಡಗಿಸಿಟ್ಟಿದ್ದ ಬಂಗುಡೆಯೊಬ್ಬರು ಮಾತಿಗೆ ಸಿಕ್ಕರು. ಉಪ್ಪು ಸರಿಯಾಗಿ ಹಿಡಿಯದೆ ಕೆಟ್ಟವರು.

ಮೈಯೆಲ್ಲ ಕೆಂಪಾಗಿದೆಯಲ್ಲ, ನಾಚಿಕೆಯೇ?

ನಾಚಬೇಕಾದವರು ಬೇರೆ ಇದ್ದಾರೆ. ಇದು ಉಪ್ಪಿನಲ್ಲೇ ಬಾಳುವ ಸೂಕ್ಷ್ಮಜೀವಿಗಳ ಬಣ್ಣ. ಹರಳುಪ್ಪಿನ ಜೊತೆಗೇ ಬರುತ್ತವೆ. ಉಳಿದ ಜೀವಿಗಳು ಉಪ್ಪಿಗೆ ಸಾಯುತ್ತವೆ, ಇವಕ್ಕೆ ಅದೇ ಅನ್ನ. ಮಳೆಗಾಲದ ಪಸೆ ತಾಗಿತೋ, ಕೆಂಪು ಶಾಲು ಹೊದೆಸಿಬಿಡುತ್ತವೆ. ಕೆಟ್ಟವರಿಗೆ ಶಾಲು ಹೊದೆಸುವ ಪದ್ಧತಿ ನಿಮ್ಮಲ್ಲೂ ಉಂಟಂತಲ್ಲ?

ಕೇಡು ಶುರುವಾದದ್ದು ಎಲ್ಲಿ?

ಬೆನ್ನುಮೂಳೆಯಲ್ಲಿ. ಮೂರು-ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಬೇಕು. ನಮ್ಮ ಧಣಿಗೆ ದೋಣಿ, ಡೀಸೆಲ್, ಮಂಜುಗಡ್ಡೆ ಯಾವುದರಲ್ಲೂ ಉಳಿಸಲಿಕ್ಕೆ ಆಗಲಿಲ್ಲ. ಎಲ್ಲಕ್ಕಿಂತ ಅಗ್ಗದ ಉಪ್ಪಿನಲ್ಲಿ ಉಳಿಸಿದರು. ಕಿವಿರು ತೆಗೆಯಲಿಲ್ಲ, ಹೊಟ್ಟೆ ಸೀಳಿದ್ದು ಅರ್ಧ. ಅದರ ಮೇಲೆ ನುಣ್ಣನೆಯ ಪುಡಿ ಉಪ್ಪನ್ನು ವಿಭೂತಿಯ ಹಾಗೆ ಉದುರಿಸಿದರು. ಪುಡಿ ಉಪ್ಪಿಗೆ ಹೊರಗಿನ ಮಾಂಸ ಬೇಗ ಬಿಗಿದುಕೊಳ್ಳುತ್ತದೆ, ಆಮೇಲೆ ಒಳಕ್ಕೆ ಉಪ್ಪು ಇಳಿಯುವುದಿಲ್ಲ. ಹೊರಗೆ ಗಟ್ಟಿ, ಒಳಗೆ ಕೊಳೆತ. ಮೇಲಿಂದ ಮುಟ್ಟಿದವರೆಲ್ಲ ‘ಫಸ್ಟ್ ಕ್ಲಾಸ್ ಮಾಲು’ ಅಂದರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ.

ಅದು ನಿಮ್ಮ ಕಾನೂನು. ನಮ್ಮಲ್ಲಿ ಉಪ್ಪು ತಿಂದವನು ನೀರು ಬಿಡಬೇಕು. ಉಪ್ಪು ಒಳಗೆ ಹೋದ ಹಾಗೆ ಮೈಯ ನೀರು ಹೊರಗೆ ಬರಬೇಕು. ನನ್ನದು ಬರುವ ಮೊದಲೇ ಎತ್ತಿ ಮರಳ ಮೇಲೆ ಹರಡಿದರು. ಮೇಲೆ ಬಿಸಿಲು, ಕೆಳಗೆ ಹಸಿ ಮರಳು, ಸುತ್ತ ನೊಣ, ಆಗಾಗ ಒಂದು ನಾಯಿ. ತಟ್ಟಿ ಕಟ್ಟಿ ನೆಲದಿಂದ ಎತ್ತರದಲ್ಲಿ ಒಣಗಿಸಿ ಅಂತ ತಜ್ಞರು ಕರಪತ್ರ ಹಂಚಿದ್ದರು. ನನ್ನ ತಮ್ಮನನ್ನು ಅದೇ ಕರಪತ್ರದಲ್ಲಿ ಪೊಟ್ಟಣ ಕಟ್ಟಿ ಮಾರಿದರು.

ಇದು ಈಚಿನ ಕಾಯಿಲೆಯೇ?

ಅಲ್ಲ ಮಾರಾಯ್ರೆ, ಮನೆತನದ್ದು. ಬ್ರಿಟಿಷರ ಉಪ್ಪಿನ ಸುಂಕ ಏರಿದಾಗ ಬಡ ಮೀನುಗಾರರು ನಮ್ಮ ಹಿರಿಯರಿಗೆ ಉಪ್ಪುಮಣ್ಣು ಸವರಿ ಒಣಗಿಸಿದರು. ಮಾಲು ಕೆಟ್ಟು ನಾರಿತು. ಕಡೆಗೆ ಮದ್ರಾಸ್ ಸರ್ಕಾರವೇ ಮಣಿದು, ದಕ್ಷಿಣ ಕನ್ನಡ ಮತ್ತು ಮಲಬಾರಿನ ದಡದಲ್ಲಿ ಮೀನಿಗೆ ಉಪ್ಪು ಹಾಕುವ ಸರ್ಕಾರಿ ಅಂಗಳಗಳನ್ನು ತೆರೆಯಿತು. ಸುಂಕವಿಲ್ಲದ ಉಪ್ಪು, ಆದರೆ ಅದನ್ನು ಅಂಗಳದ ಒಳಗೇ ಬಳಸಬೇಕು. ಕಾವಲು ಉಪ್ಪಿಗೆ, ನಮಗಲ್ಲ. ಆಮೇಲೆ 1930ರ ಏಪ್ರಿಲ್ 13ರಂದು ಅಂಕೋಲೆಯವರು ಕಾನೂನು ಮುರಿದು ಉಪ್ಪು ಮಾಡಿದರು, ಜೈಲಿಗೂ ಹೋದರು. ಈಗ ಆ ಸುಂಕವಿಲ್ಲ, ಆ ಕಾವಲಿಲ್ಲ, ಪಕ್ಕದ ಸಾಣಿಕಟ್ಟದ ಆಗರದಲ್ಲಿ ರಾಶಿ ರಾಶಿ ಉಪ್ಪು. ನನ್ನ ಮುತ್ತಜ್ಜ ಒಂದು ಸಾಮ್ರಾಜ್ಯದಿಂದಾಗಿ ಕೆಟ್ಟವರು. ನಾನು ಕೆಟ್ಟದ್ದು ಬರೀ ಎರಡು ಹಿಡಿಗೆ. ಹೇಳಿಕೊಳ್ಳಲಿಕ್ಕೂ ಮರ್ಯಾದೆಯಿಲ್ಲ.

ತಿಂದರೆ ಏನಾದೀತು?

ಬಂಗುಡೆ ಕುಲದವರು ಕೆಟ್ಟರೆ ಮೈಯಲ್ಲಿ ಹಿಸ್ಟಮಿನ್ ಅನ್ನುವುದು ಹುಟ್ಟುತ್ತದೆ. ಕೆಂಡದ ಮೇಲೆ ಸುಟ್ಟರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು. ಹುಳಿ ಜಾಸ್ತಿ ಹಾಕಿದರೆ ಸರಿಹೋಗುತ್ತದೆ ಅನ್ನುವವರನ್ನು ನಂಬಬೇಡಿ.

ಮುಂದಿನ ಯೋಜನೆ?

ಯೋಗ್ಯತೆ ನೋಡಿದರೆ ತೆಂಗಿನ ಬುಡಕ್ಕೆ ಹೋಗಬೇಕು, ಅಲ್ಲಿ ನಾನು ಒಳ್ಳೆಯ ಗೊಬ್ಬರವೇ. ಆದರೆ ಅಂಗಡಿಯವರು ಪ್ರತಿ ಕಿಲೋಗೆ ಒಳ್ಳೆಯವರ ನಡುವೆ ನಮ್ಮಂಥ ಒಬ್ಬರನ್ನು ಸೇರಿಸುತ್ತಿದ್ದಾರೆ. ಒದ್ದೆ ಬಟ್ಟೆಯಲ್ಲಿ ಕೆಂಪು ಒರೆಸಿ ಕೂರಿಸಿದ್ದಾರೆ. ನೀರು ತಾಗಿದರೆ ನಾಳೆಗೆ ಇನ್ನೂ ಕೆಂಪಾಗುತ್ತೇನೆ ಅಂತ ಅವರಿಗೆ ಗೊತ್ತು. ನಾಳೆ ಸಂತೆ ಇಲ್ಲ.

ಸಾಕು, ನಿಲ್ಲಿಸಿ. ಆ ಅಮ್ಮ ಬಂದರು. ದರ ಕೇಳುವವರಲ್ಲ, ಬೆನ್ನುಮೂಳೆ ಹತ್ತಿರ ಉಗುರು ಚುಚ್ಚಿ ಮೂಸುವವರು. ಗಾಳಿ ಅವರ ಕಡೆಗೇ ಬೀಸುತ್ತಿದೆ, ನೀವು ಸ್ವಲ್ಪ ಅಡ್ಡ ನಿಂತುಕೊಳ್ಳಿ ಮಾರಾಯ್ರೆ.